ಗಾಳಿಗೋಪುರದಿಂದ ಗಾಳಿಕೋಳಿಗೆ

ನಮ್ಮವರು ದಾವಣಗೆರೆಯವರು. ಆ ಕಡೆ ‘ಬಂದರು’ ಅಂದರೆ ನೆಂಟರು ಬಂದರು ಅಂತಲೇ ಅರ್ಥ. ಕಿವಿಗೆ ಬಿದ್ದ ಕೂಡಲೇ ಮಂಡಕ್ಕಿಗೆ ಒಗ್ಗರಣೆ ಬೀಳುತ್ತದೆ. ನಾನು ಕುಂದಾಪುರದ ಪಕ್ಕದ ಬಸ್ರೂರಿನವಳು. ನಮ್ಮಲ್ಲಿ ಬಂದರು ಅಂದರೆ ದೋಣಿ, ಅಕ್ಕಿಮೂಟೆ, ಒಣಮೀನಿನ ವಾಸನೆ. ಹದಿನಾರು ವರ್ಷದ ಸಂಸಾರದಲ್ಲಿ ಈ ಒಂದು ಪದದ ವಿಚಾರದಲ್ಲಿ ನಮ್ಮಿಬ್ಬರಿಗೆ ಒಮ್ಮತ ಮೂಡಿರಲಿಲ್ಲ. ಹೀಗಿರುವಾಗ ಕಳೆದ ತಿಂಗಳು ಒಂದು ಶುಕ್ರವಾರ ಸಂಜೆ, ದುಬೈಯ ಅಲ್ ಬರ್ಷಾದ ನಮ್ಮ ಫ್ಲಾಟಿನ ಸೋಫಾದ ಮೇಲೆ ಕಾಲು ಮಡಚಿ ಕೂತು, ಕರಕ್ ಚಾಯ ಲೋಟ ಕೆಳಗಿಟ್ಟು ಇವರು ಘೋಷಿಸಿಯೇಬಿಟ್ಟರು: “ಈ ಸಲ ನ್ಯಾಷನಲ್ ಡೇ ರಜಕ್ಕೆ ಒಂದು ಸಣ್ಣ ಟ್ರಿಪ್ ಹಾಕನ. ಯಾವುದಾದ್ರೂ ಹಳೇ ಬಂದರಿಗೆ.”

ನಾನು ಖೋರ್ ಫಕ್ಕಾನ್ ಇರಬೇಕು ಅಂದುಕೊಂಡೆ. ಬೆಳಿಗ್ಗೆ ಇಡ್ಲಿ ತಿಂದು ಕಾರು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಸಮುದ್ರದಲ್ಲಿ ಕಾಲಿಡಬಹುದು. ಚರಿತ್ರೆಗೇನೂ ಕೊರತೆಯಿಲ್ಲ. 1507ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಬಂದು ಸೂರೆ ಹೊಡೆದು ಹೋದ ಬಂದರು ಅದು. “ಖೋರ್ ಫಕ್ಕಾನಾ?” ಅಂದೆ. “ಕೋಬೆ” ಅಂದರು. ಕ ಮತ್ತು ಖ ನಡುವಿನ ಅಂತರ ಒಂದು ಮಹಾಪ್ರಾಣ ಎಂದು ಶಾಲೆಯಲ್ಲಿ ಕಲಿತಿದ್ದೆ. ಅದು ಜಪಾನಿಗೆ ಒಂಬತ್ತು ಗಂಟೆಯ ವಿಮಾನಯಾನ ಎಂದು ತಿಳಿದದ್ದು ಅವತ್ತೇ.

ಅಲ್ ಬರ್ಷಾದ ಕನ್ನಡಿಗರ ಸಣ್ಣ ಟ್ರಿಪ್ಪುಗಳಿಗೆ ಒಂದು ಕ್ರಮವಿದೆ. ಮೊದಲ ವರ್ಷ ಜಾರ್ಜಿಯಾ, ಎರಡನೆಯ ವರ್ಷ ಬಾಕು, ಮೂರನೆಯ ವರ್ಷ ಅರ್ಮೇನಿಯಾ. ಮೂರೂ ಕಡೆ ಅದೇ ಬೆಟ್ಟ, ಅದೇ ಕೇಬಲ್ ಕಾರು, ಇಂಡಿಯನ್ ಹೋಟೆಲಿನ ಅದೇ ಪನೀರು. ಮೂರೂ ಕಡೆಯ ಫೋಟೊಗಳನ್ನು ಕಲಸಿಬಿಟ್ಟರೆ ಯಾವುದು ಯಾವ ದೇಶದ್ದೆಂದು ಹಾಕಿಕೊಂಡ ಸ್ವೆಟರಿನಿಂದ ಮಾತ್ರ ಗುರುತಿಸಬೇಕು. ನಾಲ್ಕನೆಯ ವರ್ಷ ಏನು ಮಾಡಬೇಕೆಂದು ಯಾರಿಗೂ ತೋಚದೆ ಊರಿಗೆ ಹೋಗಿ ಮನೆಗೆ ಸುಣ್ಣಬಣ್ಣ ಮಾಡಿಸುತ್ತಾರೆ. ನಮ್ಮದು ಈಗ ನಾಲ್ಕನೆಯ ವರ್ಷ.

ಮನೆಯಲ್ಲಿ ಮತಗಣನೆ ನಡೆಯಿತು. ಮಗಳು ಸುತ್ತೂರು ಮಠದವರ ಜೆಎಸ್‌ಎಸ್ ಶಾಲೆಯಲ್ಲಿ, ಇಲ್ಲೇ ಅಲ್ ಬರ್ಷಾ ಸೌತ್‌ನಲ್ಲಿ, ಎಂಟನೆಯ ತರಗತಿ. ಅವಳ ಕೋಣೆಯ ಗೋಡೆಯ ಮೇಲಿರುವ ದೊಡ್ಡ ಕಣ್ಣಿನ ಕಾರ್ಟೂನ್ ಪಾತ್ರಗಳೆಲ್ಲ ಟೋಕಿಯೊದವರಂತೆ. ಹಾಗಾಗಿ ಅವಳ ಮತ ಟೋಕಿಯೊಗೆ. ಮಗನಿಗೆ ಹಿಮ ಬೇಕು. ಹಿಮ ಬೇಕಾದರೆ ರಸ್ತೆ ದಾಟು ಮಗನೆ ಅಂದೆ. 2005ರಿಂದ ಮಾಲ್ ಆಫ್ ದಿ ಎಮಿರೇಟ್ಸ್ ಒಳಗೆ ವರ್ಷವಿಡೀ ಹಿಮ ಬಿದ್ದೇ ಇದೆ, ಕೋಟೂ ಅವರೇ ಕೊಡುತ್ತಾರೆ. “ಟೋಕಿಯೊ ಜಾತ್ರೆ, ಕ್ಯೋಟೊ ತೇರು” ಎಂದು ಇವರು ಎರಡನ್ನೂ ತಳ್ಳಿಹಾಕಿದರು. ನನ್ನ ಮತ ಯಾರೂ ಕೇಳಲಿಲ್ಲ. ಪ್ಯಾಕಿಂಗ್ ಮಾಡುವವರಿಗೆ ಮತದಾನದ ಹಕ್ಕಿಲ್ಲ.

ಆ ರಾತ್ರಿಯೇ ಎಕ್ಸೆಲ್ ಹುಟ್ಟಿತು. ಇವರು ಯಾವುದೇ ಕೆಲಸ ಶುರು ಮಾಡುವುದು ಎಕ್ಸೆಲ್‌ನಿಂದ. ನಮ್ಮ ಮದುವೆಯ ಛತ್ರದ ಲೆಕ್ಕ ಇನ್ನೂ ಒಂದು ಕಡತದಲ್ಲಿದೆ, ಅದರಲ್ಲಿ ನನ್ನ ಹೆಸರು ‘ಇತರೆ’ ಎಂಬ ಕಾಲಮಿನಲ್ಲಿದೆ. ಕೋಬೆಯ ಎಕ್ಸೆಲ್‌ಗೆ ಎಂಟು ಹಾಳೆ. ವಿಮಾನ, ಹೋಟೆಲು, ಊಟ, ಹವಾಮಾನ, ಔಷಧಿ, ಖರ್ಚು, ತುರ್ತು ಖರ್ಚು, ತುರ್ತು ಖರ್ಚಿಗೂ ಮೀರಿದ ಖರ್ಚು. ಪ್ರತಿ ಕೆಲಸದ ಮುಂದೆ ‘ಜವಾಬ್ದಾರಿ’ ಎಂಬ ಕಾಲಂ. ಮುಗಿದ ಕೆಲಸಕ್ಕೆ ಹಸಿರು, ಬಾಕಿ ಇದ್ದದ್ದಕ್ಕೆ ಹಳದಿ. ನಲವತ್ತೊಂದು ಕೆಲಸಗಳಲ್ಲಿ ನಲವತ್ತರ ಮುಂದೆ ನನ್ನ ಹೆಸರು. ಒಂದೇ ಒಂದರ ಮುಂದೆ ಇವರದು. ಅದು ಯಾವುದು ಎಂದು ಆಗ ನಾನು ಗಮನಿಸಲಿಲ್ಲ.

ಲೆಕ್ಕ ಹೀಗಿತ್ತು. ರಾಷ್ಟ್ರೀಯ ದಿನದ ಎರಡು ರಜೆ, ಅದಕ್ಕಂಟಿದ ಶನಿವಾರ, ಭಾನುವಾರ, ಮೇಲೊಂದು ದಿನ ಸ್ವಂತ ರಜೆ. ಒಟ್ಟು ಐದು ದಿನ. ಬೆಳಗಿನ ಜಾವ ದುಬೈಯಲ್ಲಿ ವಿಮಾನ ಹತ್ತಿದರೆ ಒಸಾಕಾದ ಕನ್ಸಾಯ್‌ನಲ್ಲಿ ಇಳಿಯುವಾಗ ಸಂಜೆ. ಜಪಾನು ನಮಗಿಂತ ಐದು ಗಂಟೆ ಮುಂದಿದೆ; ಆ ಐದು ಗಂಟೆಯನ್ನು ಸಮುದ್ರದ ಮೇಲೆಲ್ಲೋ ಕಳೆದುಕೊಳ್ಳುತ್ತೇವೆ. ಹೋಗುವ ದಿನ ಒಂದು, ಬರುವ ದಿನ ಒಂದು, ನಡುವೆ ಉಳಿದದ್ದು ಮೂರು. ಅದರಲ್ಲಿ ಮೊದಲ ದಿನ ನಿದ್ದೆ, ಕೊನೆಯ ದಿನ ಶಾಪಿಂಗು. “ಹಾಗಾದ್ರೆ ನಾವು ಕೋಬೆ ನೋಡೋದು ಒಂದು ದಿನ” ಅಂದೆ. “ಅದಕ್ಕೇ ಸಣ್ಣ ಟ್ರಿಪ್ ಅನ್ನೋದು” ಅಂದರು.

ಈ ಸುದ್ದಿ ನಮ್ಮ ಬಿಲ್ಡಿಂಗಿನಲ್ಲಿ ಕಾವಲಿನ ನಾಥೂರನಿಗೆ ಮೊದಲು ಗೊತ್ತಾಯಿತು, ಅಂದರೆ ಎಲ್ಲರಿಗೂ ಗೊತ್ತಾಯಿತು. ಸಲಹೆಗಾರರ ದಂಡು ಶುರುವಾಯಿತು. ಎದುರು ಮನೆಯಲ್ಲಿ ಮಗನ ಮನೆಗೆಂದು ಮೈಸೂರಿನಿಂದ ಬಂದ ನಿವೃತ್ತ ಮೇಷ್ಟ್ರಿದ್ದಾರೆ. ಬೆಳಿಗ್ಗೆ ಪಾಂಡ್ ಪಾರ್ಕಿನಲ್ಲಿ ಕೆರೆಯ ಸುತ್ತ ವಾಕಿಂಗು, ಸಂಜೆ ಬೇರೆಯವರ ಮನೆಯಲ್ಲಿ ಮಾತು. ಅವರು ಬಾಗಿಲಲ್ಲೇ ಕೇಳಿದರು: “ಜಪಾನಿಗೋ? ನಮ್ಮಲ್ಲಿ ಯಾರು ಆಗಲೇ ಹೋಗಿದ್ದರು ಗೊತ್ತೇನಮ್ಮ?” ಗೊತ್ತಿಲ್ಲ ಅನ್ನುವುದರೊಳಗೆ ಒಳಗೆ ಬಂದು ಕೂತಿದ್ದರು.

ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿದ್ದರಂತೆ. ಆಗ ಅವರಿನ್ನೂ ಸರ್ ಆಗಿರಲಿಲ್ಲ, ದಿವಾನರೂ ಆಗಿರಲಿಲ್ಲ, ಬೊಂಬಾಯಿ ಸರ್ಕಾರದ ಎಂಜಿನಿಯರು. “ಹೇಗೆ ಹೋದರು? ರಜೆ ಹಾಕಿ ಹೋದರು!” ಎಂದು ಮೇಷ್ಟ್ರು ಇವರ ಕಡೆ ತಿರುಗಿ ಬೆರಳೆತ್ತಿದರು. ಅಲ್ಲಿನ ಶಾಲೆ ನೋಡಿದರು, ಕಾರ್ಖಾನೆ ನೋಡಿದರು, ಬಂದು ಅದನ್ನೇ ತಲೆಯಲ್ಲಿಟ್ಟುಕೊಂಡು ಮುಂದೆ ಮೈಸೂರು ಕಟ್ಟಿದರು. ಅದಕ್ಕೂ ಐದು ವರ್ಷ ಮೊದಲು ವಿವೇಕಾನಂದರು ಷಿಕಾಗೊಗೆ ಹೋಗುವ ದಾರಿಯಲ್ಲಿ ನಾಗಸಾಕಿಯಲ್ಲಿ ಇಳಿದು, ಕೋಬೆಯಲ್ಲಿ ಹಡಗು ಬಿಟ್ಟು, ಅಲ್ಲಿಂದ ಯೊಕೊಹಾಮಾಗೆ ನೆಲದ ದಾರಿಯಲ್ಲೇ ಊರುಗಳನ್ನು ನೋಡುತ್ತ ಹೋದರಂತೆ. “ನೋಡು, ಅವರಿಬ್ಬರೂ ಜಪಾನ್ ನೋಡಿ ಬಂದು ದೇಶಕ್ಕೇ ಏನೋ ಕೊಟ್ಟರು. ನೀನೇನು ತರ್ತೀಯ?” ಇವರು ಎಕ್ಸೆಲ್ ತೆಗೆದು ನೋಡಿ ಹೇಳಿದರು: “ಫ್ರಿಜ್ ಮ್ಯಾಗ್ನೆಟ್, ಹನ್ನೆರಡು.”

ಜಪಾನು ಅಷ್ಟು ದೂರವೂ ಅಲ್ಲ ಎಂದು ಮೇಷ್ಟ್ರ ಮಗನ ವಾದ. ಅವರು ಮೆಟ್ರೊ ಬಗ್ಗೆ ಬಲ್ಲವರು. ನಮ್ಮ ಮನೆ ಹತ್ತಿರದಿಂದ ದಿನಾ ಹತ್ತುವ ರೆಡ್ ಲೈನ್ 2009ರಲ್ಲಿ ಶುರುವಾದಾಗ ಅದರ ಬೋಗಿಗಳು ಬಂದದ್ದೇ ಒಸಾಕಾ ಸೀಮೆಯ ಕಿಂಕಿ ಶಾರ್ಯೊ ಕಾರ್ಖಾನೆಯಿಂದ. ಮಿತ್ಸುಬಿಷಿಯವರೂ ಕಟ್ಟುವ ಕೂಟದಲ್ಲಿದ್ದರು. ಅಂದರೆ ಹದಿನೈದು ವರ್ಷಗಳಿಗೂ ಮೇಲ್ಪಟ್ಟು ನಾವು ಮೆಟ್ರೊದ ನೋಲ್ ಕಾರ್ಡ್ ತೋರಿಸಿ ಜಪಾನಿನೊಳಗೇ ಕೂತು ಓಡಾಡುತ್ತಿದ್ದೇವೆ. ಚಾಲಕನಿಲ್ಲದ ಬೋಗಿಯ ಮುಂದಿನ ಗಾಜಿಗೆ ಮೂಗು ಒತ್ತಿ ನಿಂತು ನಮ್ಮೂರಿಂದ ಬಂದವರೆಲ್ಲ ಬೆರಗಾಗುತ್ತಾರಲ್ಲ, ಕೋಬೆಯಲ್ಲಿ ಅಂಥದೇ ಪೋರ್ಟ್ ಲೈನರ್ 1981ರಿಂದ ಓಡುತ್ತಿದೆ. “ಹಾಗಾದ್ರೆ ಹೋಗೋದು ಯಾಕೆ, ಇಲ್ಲೇ ಎರಡು ಸ್ಟೇಷನ್ ಹೋಗಿ ಬರೋಣ” ಎಂದ ನನ್ನ ಉಳಿತಾಯದ ಸಲಹೆಗೆ ಕಿಮ್ಮತ್ತು ಸಿಗಲಿಲ್ಲ.

ಇನ್ನು ಊಟ. ಕನ್ನಡಿಗರ ಯಾವ ಪ್ರವಾಸವೂ ಕೊನೆಗೆ ಬಂದು ನಿಲ್ಲುವ ಬಂದರು ಇದೇ. ಇವರು ಶುದ್ಧ ಸಸ್ಯಾಹಾರಿ, ಮೆಣಸಿನಕಾಯಿ ಬಜ್ಜಿಯ ಊರಿನವರು. ನಾನು ಮೀನಿನ ಊರಿನವಳು. ಕೋಬೆ ಎಂಬ ಹೆಸರು ಜಗತ್ತಿಗೆಲ್ಲ ಗೊತ್ತಿರುವುದು ದನದ ಮಾಂಸದಿಂದ. ಸಸ್ಯಾಹಾರಿಯೊಬ್ಬ ಇಡೀ ಜಪಾನಿನಲ್ಲಿ ಹುಡುಕಿ ಹುಡುಕಿ ಆ ಊರನ್ನೇ ಆರಿಸಿದನೆಂದರೆ ಅದು ಗ್ರಹಚಾರವಲ್ಲದೆ ಮತ್ತೇನು? ಸರಿ, ಮಾಂಸ ಬೇಡ, ತರಕಾರಿ ಸೂಪು ಕುಡಿಯೋಣ ಅಂದರೆ ಅದರ ತಳಕ್ಕೇ ದಾಶಿ ಎಂಬ ತಿಳಿಸಾರು. ದಾಶಿಯ ಮೂಲ ಹೆಚ್ಚಾಗಿ ಒಣಮೀನು. ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಮರದ ತುಂಡಿನಷ್ಟು ಗಟ್ಟಿಯಾಗುವ ತನಕ ಒಣಗಿಸುತ್ತಾರೆ. ಆಮೇಲೆ ಬಡಗಿ ತೋಪಡ ಹೊಡೆದಂತೆ ಎಳೆಎಳೆಯಾಗಿ ಹೆರೆದು ನೀರಿಗೆ ಹಾಕುತ್ತಾರೆ. ವಿಡಿಯೊದಲ್ಲಿ ಅದನ್ನು ನೋಡಿ ನನ್ನ ಬಾಯಲ್ಲಿ ನೀರು, ಇವರ ಕಣ್ಣಲ್ಲಿ ನೀರು.

ಭಾಷೆಯೂ ಕೈಕೊಟ್ಟಿತು. ಫೋನಿನಲ್ಲಿ ಜಪಾನಿ ಕಲಿಯತೊಡಗಿದ ಇವರು ಒಂದು ರಾತ್ರಿ ಹಿಗ್ಗಿ ಹೇಳಿದರು: “ಊಟದ ಚಿಂತೆ ಇಲ್ಲ ಕಣೆ, ಅಲ್ಲಿ ಬೀದಿಬೀದಿಗೆ ಪಾನ್ ಅಂಗಡಿ!” ಮಗಳು ನಕ್ಕು ನಕ್ಕು ನೆಲಕ್ಕೆ ಬಿದ್ದಳು. ಜಪಾನಿನಲ್ಲಿ ‘ಪಾನ್’ ಅಂದರೆ ಬ್ರೆಡ್ಡು. ಹದಿನಾರನೆಯ ಶತಮಾನದಲ್ಲಿ ಅಲ್ಲಿಗೆ ಹೋದ ಪೋರ್ಚುಗೀಸರು ಬಿಟ್ಟುಬಂದ ಪದ. ನಮ್ಮ ಪಾವ್ ಬಾಜಿಯ ಪಾವ್ ಕೂಡ ಅವರದೇ. ಖೋರ್ ಫಕ್ಕಾನ್ ಸುಟ್ಟವರು, ಬಸ್ರೂರಿನ ಕೋಟೆ ಹಿಡಿದವರು, ಜಪಾನಿಗೆ ಬ್ರೆಡ್ ತಿನ್ನಿಸಿದವರು ಎಲ್ಲ ಒಂದೇ ಮನೆಯವರು. ಸಣ್ಣ ಟ್ರಿಪ್ ಎಂಬ ಮಾತು ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಊಟದ ಗಂಟು ಬಿಚ್ಚಿದ್ದು ಗುಜರಾತಿಗಳು. ಕೋಬೆಯ ಕಿಟಾನೊ ಎಂಬ ಗುಡ್ಡದ ಬದಿಯ ಕೇರಿಯಲ್ಲಿ ಬಿಳಿ ಅಮೃತಶಿಲೆಯ ಜೈನ ಬಸದಿ ಇದೆ; 1985ರಲ್ಲಿ ಕಟ್ಟಿದ್ದು. ಬಸದಿ ಇದ್ದಲ್ಲಿ ಜೈನರು, ಜೈನರಿದ್ದಲ್ಲಿ ಈರುಳ್ಳಿಯೂ ಇಲ್ಲದ ಊಟ. ಎಕ್ಸೆಲ್‌ನ ಊಟದ ಹಾಳೆಯಲ್ಲಿ ಮೊದಲ ಹಸಿರು ಬಿತ್ತು. ಕಾಫಿಯ ಚಿಂತೆಯೂ ತೀರಿತು. ಜಪಾನಿನ ಯುಸಿಸಿ ಕಾಫಿ ಕಂಪನಿ 1933ರಲ್ಲಿ ಹುಟ್ಟಿದ್ದೇ ಕೋಬೆಯಲ್ಲಿ. ಹಾಲು ಬೆರೆತ ಕಾಫಿಯನ್ನು ಡಬ್ಬಿಯಲ್ಲಿ ತುಂಬಿ 1969ರಲ್ಲಿ ಮಾರಾಟಕ್ಕಿಟ್ಟವರು ಅವರು. ಕಾಫಿ ತಣ್ಣಗೆ ಡಬ್ಬಿಯೊಳಗೆ ಇರುತ್ತದೆ ಎಂದು ಕೇಳಿ ಮೇಷ್ಟ್ರು ಶಿವ ಶಿವಾ ಅಂದರು. ಯೆಮನ್ನಿನ ಮೋಕಾ ಬಂದರಿನಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದ ಬಾಬಾಬುಡನ್ ಇದನ್ನು ಕೇಳಿದ್ದರೆ ಬೀಜ ಅಲ್ಲೇ ಬಿಟ್ಟು ಬರುತ್ತಿದ್ದರು ಎಂದು ಅವರ ಅಭಿಪ್ರಾಯ.

ಆದರೆ ಈ ಗುಜರಾತಿ ಜೈನರು ಅಷ್ಟು ದೂರ ಹೋಗಿ ನೆಲೆಸಿದ್ದಾದರೂ ಯಾಕೆ? ಅದಕ್ಕೆ ಉತ್ತರ ಸಿಕ್ಕಿದ್ದು ಎಕ್ಸೆಲ್‌ನ ಖರ್ಚಿನ ಹಾಳೆಯಲ್ಲಿ. ಮಗಳು ಅದನ್ನು ನೋಡುತ್ತಿದ್ದವಳು, “ಅಮ್ಮಾ, 22 ಆದ್ಮೇಲೆ 24 ಇದೆ, 23 ಎಲ್ಲಿ?” ಎಂದು ಕೇಳಿದಳು. ಸಾಲು ಅಡಗಿಸಿಟ್ಟಿದ್ದರು! ಅವಳು ಎರಡು ಗುಂಡಿ ಒತ್ತಿದ್ದೇ ತಡ, ಅಡಗಿದ್ದ ಸಾಲು ಸೂರ್ಯನ ಬೆಳಕಿಗೆ ಬಂತು. ‘ಮುತ್ತು: 0’ ಎಂದಿತ್ತು. ಜೊತೆಗೆ ಸಣ್ಣ ಟಿಪ್ಪಣಿ: ‘ಅವಳಿಗೆ ಹೇಳುವುದು ಬೇಡ.’

ಕೋಬೆ ಮುತ್ತಿನ ಊರು. ಜಪಾನಿನ ಕಡಲಲ್ಲಿ ಸಾಕಿ ಬೆಳೆಸಿದ ಮುತ್ತನ್ನು ತೊಳೆದು, ಬಣ್ಣ ಕೂಡಿಸಿ, ಸಾಲು ಹೊಂದಿಸಿ ಜಗತ್ತಿಗೆ ಕಳಿಸುವ ವ್ಯಾಪಾರ ಬೆಳೆದದ್ದು ಅಲ್ಲಿ. ಮುತ್ತಿನ ಹಿಂದೆ ಹೋದವರೇ ಆ ಜೈನ ವ್ಯಾಪಾರಿಗಳು. ಸಿಂಪಿಯೊಳಗೆ ಮನುಷ್ಯನೇ ಕಣ ಇಟ್ಟು ಮುತ್ತು ಬೆಳೆಸಬಹುದೆಂದು ಮಿಕಿಮೊಟೊ ಎಂಬ ಜಪಾನಿ ತೋರಿಸಿದ್ದು 1893ರ ಜುಲೈ 11ರಂದು. ಮೇಷ್ಟ್ರಿಗೆ ಈ ತಾರೀಖು ಕೇಳಿ ಮೈ ಜುಮ್ಮೆಂದಿತು. ಹಿಂದಿನ ದಿನ, ಜುಲೈ 10ರಂದು, ವಿವೇಕಾನಂದರು ಯೊಕೊಹಾಮಾದಿಂದ ಮದರಾಸಿನ ಗೆಳೆಯರಿಗೆ ಪತ್ರ ಬರೆದಿದ್ದರಂತೆ.

ಆ ಜುಲೈ 11ರ ಪೆಟ್ಟು ಬಿದ್ದದ್ದು ನಾವಿರುವ ಈ ಊರಿಗೆ. ಎಣ್ಣೆ ಸಿಗುವ ಮೊದಲು ದುಬೈ ಬದುಕಿದ್ದದ್ದು ಮುತ್ತಿನಿಂದ. ಬೇಸಿಗೆ ಬಂತೆಂದರೆ ದೋಣಿಗಳು ಹೊರಟು ನಾಲ್ಕು ತಿಂಗಳು ಕಡಲಲ್ಲೇ. ಮೂಗಿಗೆ ಎಲುಬಿನ ಕ್ಲಿಪ್ಪು, ಕಾಲಿಗೆ ಕಲ್ಲು ಕಟ್ಟಿ ಇಳಿಯುವ ಮುಳುಗುಗಾರ. ಮೇಲೆ ಹಗ್ಗ ಹಿಡಿದು ಎಳೆಯುವವನೊಬ್ಬ. ದಣಿವು ಮರೆಸಲು ಹಾಡುವವನೊಬ್ಬ. ಸಿಕ್ಕ ಮುತ್ತು ಹೋಗುತ್ತಿದ್ದದ್ದು ಬೊಂಬಾಯಿಗೆ, ಬರುತ್ತಿದ್ದದ್ದು ರೂಪಾಯಿ. 1966ರವರೆಗೂ ಇಲ್ಲಿ ರೂಪಾಯಿಯೇ ನಡೆಯುತ್ತಿತ್ತು. 1930ರ ಆಸುಪಾಸಿನಲ್ಲಿ ಒಂದು ಕಡೆಯಿಂದ ಜಗತ್ತಿನ ಆರ್ಥಿಕ ಕುಸಿತ, ಇನ್ನೊಂದು ಕಡೆಯಿಂದ ಜಪಾನಿನ ಸಾಕಿದ ಮುತ್ತು. ಎರಡರ ನಡುವೆ ಸಿಕ್ಕಿ ಇಲ್ಲಿನ ಮುತ್ತಿನ ವ್ಯಾಪಾರ ಮುಳುಗಿತು. “ನೋಡಿ, ದುಬೈಯ ಹೊಟ್ಟೆಗೆ ಹೊಡೆದ ಮುತ್ತನ್ನು ದುಬೈಯಲ್ಲಿ ದುಡಿದ ದುಡ್ಡಿನಿಂದ ಕೊಂಡರೆ ನ್ಯಾಯವಾ? ಅದಕ್ಕೇ ಸೊನ್ನೆ ಹಾಕಿದ್ದು” ಎಂದು ಇವರು ತತ್ವ ಹೇಳಿದರು. ಸಿಕ್ಕಿಬಿದ್ದ ಗಂಡಸಿನ ಬಾಯಲ್ಲಿ ಚರಿತ್ರೆ ಎಷ್ಟು ಚೆನ್ನಾಗಿ ಬರುತ್ತದೆ! ಈಗ ಸಾಲು 23ರಲ್ಲಿ ಸೊನ್ನೆಯ ಹಿಂದೆ ಅಂಕಿಗಳಿವೆ. ಎಷ್ಟು ಎಂದು ಬರೆಯುವುದಿಲ್ಲ. ದಾವಣಗೆರೆಯಲ್ಲಿ ಅತ್ತೆ ಓದುತ್ತಾರೆ.

ನಮ್ಮಮ್ಮನಿಗೆ ಫೋನು ಮಾಡಿದೆ. ಅವರಿಗೆ ಕೋಬೆ ಅರ್ಥವಾಗಲಿಲ್ಲ, ಬಂದರು ಅರ್ಥವಾಯಿತು. “ಎಂತ ಮಗಾ, ಬಂದರ್ ಕಾಂಬುಕೆ ಅಷ್ಟ್ ದೂರ ಹೋಯ್ಕಾ? ನಮ್ ಬಸ್ರೂರಂಗೆ ಇದ್ದಿತ್ತಲ್ದಾ?” ಇತ್ತು, ಹೌದು. ಐನೂರು ವರ್ಷದ ಹಿಂದೆ ನಮ್ಮೂರಿನ ಅಕ್ಕಿ ಹೊರ್ಮುಜ್‌ಗೆ, ಏಡನ್‌ಗೆ ಹೋಗುತ್ತಿತ್ತು. ಪೋರ್ಚುಗೀಸರ ಬಾಯಲ್ಲಿ ಬಸ್ರೂರು ಬಾರ್ಸೆಲೋರ್ ಆಗಿತ್ತು. ಕೆಳದಿಯ ಶಿವಪ್ಪ ನಾಯಕ ಅವರನ್ನು ಓಡಿಸಿದ. 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಊರನ್ನು ಸೂರೆ ಮಾಡಿ ಹೋದ. ಆಮೇಲೆ ಹೊಳೆಯಲ್ಲಿ ಹೂಳು ತುಂಬಿತು, ಹಡಗುಗಳು ಬೇರೆ ಕಡೆ ತಿರುಗಿದವು. ನಾನು ಹುಟ್ಟುವ ಹೊತ್ತಿಗೆ ಬಂದರು ಮುಗಿದು ಬಸ್‌ಸ್ಟ್ಯಾಂಡು ಬಂದಿತ್ತು. ಕನ್ಸಾಯ್ ವಿಮಾನ ನಿಲ್ದಾಣ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ದ್ವೀಪದ ಮೇಲಿದೆ ಅಂದದ್ದಕ್ಕೆ ಅಮ್ಮ, “ಅವ್ರಿಗೆ ಗದ್ದೆ ಇಲ್ಯಾ?” ಅಂದರು.

ಇದನ್ನು ಮೇಲಿನ ಮನೆಯ ಭಟ್ಕಳದ ಭಾಭಿಗೆ ಹೇಳಿದೆ. ಅವರು ಬಿಡುತ್ತಾರೆಯೇ? “ನಿಮ್ಮದು ಅಕ್ಕಿ, ನಮ್ಮದು ಕುದುರೆ” ಎಂದರು. ವಿಜಯನಗರದ ಅರಸರಿಗೆ ಅರಬ್ ಕುದುರೆ ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು. ಅವರ ನವಾಯತ ಹಿರಿಯರು ಸಮುದ್ರದ ಆಚೆಯಿಂದ ಆ ಊರಿಗೆ ಬಂದವರು. ಈಗ ಅವರ ಮಕ್ಕಳು ಭಟ್ಕಳದಿಂದ ಈಚೆಗೆ ಬಂದವರು. “ನಾವು ಸಮುದ್ರದಲ್ಲಿ ರಿಟರ್ನ್ ಟಿಕೆಟ್ ತಗೊಂಡವರು” ಎಂದು ಭಾಭಿ ಹೇಳಿದ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಒಂದೇ ಬಿಲ್ಡಿಂಗಿನಲ್ಲಿ ಬಸ್ರೂರು, ಭಟ್ಕಳ ಎರಡೂ ಹಳೆಯ ಬಂದರುಗಳಿರುವಾಗ ಬಂದರು ನೋಡಲು ಜಪಾನಿಗೆ ಹೋಗುತ್ತಿರುವ ದಾವಣಗೆರೆಯವರು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು.

ಪೂರ್ವತಯಾರಿ ಎಂದು ನಾನೇ ಒಂದು ಶನಿವಾರ ಎಲ್ಲರನ್ನೂ ಎಳೆದುಕೊಂಡು ಮೆಟ್ರೊದಲ್ಲಿ ಹಳೇ ದುಬೈಗೆ ಹೋದೆ. ಅಲ್ ಫಹೀದಿಯ ಓಣಿಗಳಲ್ಲಿ ಮನೆಗಳ ನೆತ್ತಿಯ ಮೇಲೆ ಚೌಕದ ಗಾಳಿಗೋಪುರಗಳು. ನಾಲ್ಕೂ ದಿಕ್ಕಿಗೆ ಬಾಯಿ ತೆರೆದು, ಹಾದುಹೋಗುವ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುವ ಉಪಾಯ. ಕನ್ನಡದಲ್ಲಿ ಗಾಳಿಗೋಪುರ ಅಂದರೆ ನಮ್ಮವರ ಎಕ್ಸೆಲ್. ಇಲ್ಲಿ ಅದನ್ನು ನಿಜಕ್ಕೂ ಕಟ್ಟಿ, ಕೆಳಗೆ ಚಾಪೆ ಹಾಸಿ ಮಲಗಿದ್ದರು. ಕಟ್ಟಿದವರು ಇಲ್ಲಿಯವರಲ್ಲ. ಸುಮಾರು 1900ರ ಹೊತ್ತಿಗೆ ಪರ್ಷಿಯಾದ ತೀರದಲ್ಲಿ ಸುಂಕ ಏರಿತು, ದುಬೈಯ ಶೇಖರು ಸುಂಕ ಬಿಟ್ಟುಕೊಟ್ಟರು, ಬಸ್ತಕ್ ಎಂಬ ಊರಿನ ವ್ಯಾಪಾರಿಗಳು ಗಂಟುಮೂಟೆ ಕಟ್ಟಿ ಈ ದಡಕ್ಕೆ ಬಂದರು. ಅದಕ್ಕೇ ಆ ಕೇರಿಗೆ ಬಸ್ತಕಿಯಾ ಎಂದು ಹೆಸರಿತ್ತು. ತೆರಿಗೆ ಇಲ್ಲವೆಂದು ದುಬೈಗೆ ಬಂದವರು ನಾವೇ ಮೊದಲಿಗರೇನಲ್ಲ.

ಕೋಬೆಯ ಕಥೆಯೂ ಇದೇ ಧಾಟಿ. 1868ರ ಜನವರಿ 1ರಂದು ಆ ಬಂದರು ಪರದೇಶದವರಿಗೆ ತೆರೆಯಿತು. ಗುಡ್ಡದ ಮೇಲೆ ಯುರೋಪಿನವರು ಮನೆ ಕಟ್ಟಿದರು. ಜರ್ಮನ್ ವ್ಯಾಪಾರಿಯೊಬ್ಬ 1909ರಲ್ಲಿ ಕಟ್ಟಿಸಿದ ಇಟ್ಟಿಗೆಯ ಮನೆಯ ಚಾವಣಿ ತುದಿಯಲ್ಲಿ ಇವತ್ತೂ ಗಾಳಿಗೆ ತಕ್ಕಂತೆ ತಿರುಗುವ ಲೋಹದ ಕೋಳಿಯಿದೆ. ಕೆಳಗೆ ಚೀನಾದವರ ಕೇರಿ. 1923ರ ಭೂಕಂಪದಲ್ಲಿ ಯೊಕೊಹಾಮಾ ನೆಲಸಮವಾದಾಗ ಅಲ್ಲಿದ್ದ ಭಾರತದ ವ್ಯಾಪಾರಿಗಳು ಕೋಬೆಗೆ ಬಂದರು. 1935ರಲ್ಲಿ ಮಸೀದಿ ಎದ್ದಿತು, ಅದಕ್ಕೆ ಭಾರತದವರ ದುಡ್ಡೂ ಸೇರಿತ್ತು. ಅಮೆರಿಕನ್ನರ ಹೆಸರು ಹೊತ್ತ ದಕ್ಕೆಗೆ ಜಪಾನಿಯರು ಇಟ್ಟ ಹೆಸರು ಮೆರಿಕೆನ್; ಅಮೆರಿಕನ್ ಎಂಬುದನ್ನು ನಾಲಗೆಗೆ ಬಂದಂತೆ ತಿದ್ದಿಕೊಂಡರು, ನಮ್ಮಜ್ಜಿ ಲ್ಯಾಂಟರ್ನನ್ನು ಲಾಟೀನು ಮಾಡಿದ ಹಾಗೆ.

ಆ ಮೆರಿಕೆನ್ ದಕ್ಕೆಯ ಒಂದು ತುಂಡು, ಸುಮಾರು ಅರವತ್ತು ಮೀಟರು, ಇವತ್ತಿಗೂ ಹಾಗೇ ಇದೆ. 1995ರ ಜನವರಿ 17ರ ಬೆಳಗಿನ 5 ಗಂಟೆ 46 ನಿಮಿಷಕ್ಕೆ ಭೂಮಿ ನಡುಗಿತು. ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಊರನ್ನು ಮತ್ತೆ ಕಟ್ಟಿದವರು ಈ ತುಂಡನ್ನು ಮಾತ್ರ ರಿಪೇರಿ ಮಾಡಲಿಲ್ಲ. ಕಾಂಕ್ರೀಟು ಬಿರಿದು, ದೀಪದ ಕಂಬಗಳು ಓರೆಯಾಗಿ ನೀರಿನ ಕಡೆ ವಾಲಿಕೊಂಡು ನಿಂತಿವೆ. ಎಲ್ಲವನ್ನೂ ನೆಟ್ಟಗೆ ಜೋಡಿಸುವ ಜಪಾನಿಯರು ಬೇಕೆಂದೇ ಓರೆ ಬಿಟ್ಟದ್ದು ಅದೊಂದೇ ಇರಬೇಕು. ಫೋಟೊ ನೋಡಿದ ಮಗ ಬಹಳ ಹೊತ್ತು ಸುಮ್ಮನಿದ್ದ, ಆಮೇಲೆ ಹಿಮದ ಬದಲು ಆ ಕಂಬ ನೋಡೋಣ ಅಂದ. ಮನೆಯಲ್ಲಿ ಎಲ್ಲರೂ ಒಪ್ಪಿದ ಮೊದಲ ಕಾರ್ಯಕ್ರಮ ಅದು.

ಇದೆಲ್ಲ ಕೆಲಸಕ್ಕೆ ಬಂದದ್ದು ವೀಸಾ ಅರ್ಜಿ ತುಂಬುವಾಗ. ಜಪಾನಿನವರು ದುಡ್ಡಿನ ಲೆಕ್ಕದ ಜೊತೆ ದಿನಚರಿಯನ್ನೂ ಕೇಳುತ್ತಾರೆ: ಯಾವ ದಿನ ಎಲ್ಲಿ, ಏನು, ರಾತ್ರಿ ಯಾವ ಹೋಟೆಲು. ಹದಿನಾರು ವರ್ಷದಲ್ಲಿ ಭಾನುವಾರ ಏನು ಮಾಡುತ್ತೀರಿ ಎಂಬ ನನ್ನ ಪ್ರಶ್ನೆಗೆ ಉತ್ತರ ಕೊಡದ ಮನುಷ್ಯ ಜಪಾನ್ ಸರ್ಕಾರಕ್ಕೆ ಗಂಟೆಗಂಟೆಯ ಲೆಕ್ಕ ಬರೆದರು. ಇಳಿದ ಕೂಡಲೇ ಬಸ್ಸು ಅಂತ ಇವರು, ದೋಣಿ ಅಂತ ನಾನು. ಕನ್ಸಾಯ್‌ನಿಂದ ಕೋಬೆಗೆ ಅರ್ಧ ಗಂಟೆಯ ದೋಣಿಯಿದೆ. ಬಂದರಿಗೆ ನೀರಿನ ಕಡೆಯಿಂದಲೇ ಹೋಗಬೇಕು, ಹಿತ್ತಲ ಬಾಗಿಲಿಂದ ಅಲ್ಲ ಅಂದೆ. ದೋಣಿ ಗೆದ್ದಿತು. ಗಾಳಿಕೋಳಿಯ ಮನೆ, ಬಸದಿ, ಮಸೀದಿ, ಓರೆ ಕಂಬ ಎಲ್ಲ ಬರೆದಾಯಿತು. ನೋಡಬೇಕಾದ ಪಟ್ಟಿಯನ್ನು ಒಮ್ಮೆ ಓದಿದ ಇವರು ತಲೆ ಕೆರೆದುಕೊಂಡು, “ಅಲ್ವೇ, ಇದರಲ್ಲಿ ಜಪಾನಿಯರದ್ದು ಏನೂ ಇಲ್ವಲ್ಲೇ? ಎಲ್ಲ ಹೊರಗಿಂದ ಬಂದವರದ್ದೇ ಐತಿ” ಅಂದರು.

ಹದಿನಾರು ವರ್ಷದ ಮೇಲೆ ಮೊದಲ ಬಾರಿಗೆ ಇವರು ಹೇಳಿದ್ದು ಸರಿ ಅನ್ನಿಸಿತು. ಬಂದರು ಎಂಬುದು ಫಾರಸಿ ಪದ, ಗೊತ್ತು. ಆದರೂ ಕನ್ನಡದ ಕಿವಿಗೆ ಅದು ಕ್ರಿಯಾಪದವೇ. ಬಸ್ತಕಿನವರು ಬಂದರು, ಗುಜರಾತಿಗಳು ಬಂದರು, ನವಾಯತರು ಬಂದರು, ಪೋರ್ಚುಗೀಸರು ಬಂದರು, ಬೇಡ ಅಂದರೂ ಬಂದರು. ಊರಿಗೆ ಹೆಸರು ತಂದದ್ದು ಅವರು ಬಿಟ್ಟುಹೋದ ಗೋಪುರ, ಕೋಳಿ, ಬ್ರೆಡ್ಡು. ದಾವಣಗೆರೆಯ ಅರ್ಥವೇ ಸರಿ: ಬಂದರು ಅಂದರೆ ನೆಂಟರು ಬಂದರು. ಬಸ್ರೂರಿನವಳಾದ ನಾನು ಈ ಸೋಲನ್ನು ಬರೆದು ಕೊಡುತ್ತಿದ್ದೇನೆ. ಇದನ್ನೂ ಇವರು ಒಂದು ಹಾಳೆಯಲ್ಲಿ ಹಾಕಿ ಹಸಿರು ಬಳಿದುಕೊಳ್ಳಲಿ.

ಇಷ್ಟು ಬರೆದು ಮುಗಿಸುವಾಗ ಪ್ರವಾಸದ ಸ್ಥಿತಿ ಹೀಗಿದೆ. ಟಿಕೆಟ್ ಆಗಿದೆ. ಹೋಟೆಲ್ ಆಗಿದೆ. ವೀಸಾ ಬಂದಿದೆ. ಅವಲಕ್ಕಿ, ಚಟ್ನಿಪುಡಿ, ಪುಟ್ಟ ಕುಕ್ಕರು ಪೆಟ್ಟಿಗೆಯೊಳಗಿವೆ. ಎಕ್ಸೆಲ್‌ನಲ್ಲಿ ನನ್ನ ಹೆಸರಿನ ನಲವತ್ತು ಸಾಲೂ ಹಸಿರು. ನಿನ್ನೆ ರಾತ್ರಿ ಕೆಳಗಿನ ತನಕ ಎಳೆದು ನೋಡಿದೆ. ನಲವತ್ತೊಂದನೆಯದು, ಇವರ ಹೆಸರಿನದು, ಇನ್ನೂ ಹಳದಿಯೇ ಇದೆ: ‘ಆಫೀಸಿನಲ್ಲಿ ಒಂದು ದಿನದ ರಜೆ ಕೇಳುವುದು.’